ದಾಮಣ್ಣನ ಪೀಠ

ಮೊನ್ನೆ ಭಾನುವಾರ ಬೆಳಿಗ್ಗೆ ಘಾಟ್ಕೋಪರ್ ಸ್ಟೇಷನ್ನಿನಲ್ಲಿ ಇಳಿದವಳು ನಾನು ಸೀದಾ ದಾಮಣ್ಣನ ಮನೆಗೆ ಹೋಗಬೇಕಾಗಿತ್ತು. ಹೋಗಲಿಲ್ಲ. ಅವರ ಬಿಲ್ಡಿಂಗಿನ ಕೆಳಗೇ ಇರುವ ಸಣ್ಣ ಹೋಟೆಲಿಗೆ ನುಗ್ಗಿ, ಬೇಕಿಲ್ಲದಿದ್ದರೂ ಅರ್ಧ ಲೋಟದ ಒಂದು ಕಟಿಂಗ್ ಚಹಾ ಹೇಳಿ ಕೂತೆ. ದಾಮಣ್ಣ ಗಂಟಲಿನ ಆಪರೇಷನ್ ಮುಗಿಸಿಕೊಂಡು ಮನೆಗೆ ಬಂದಿದ್ದರು. ದನಿ ವಾಪಸು ಬರಬಹುದು, ಬರದೆಯೂ ಇರಬಹುದು ಎಂದು ಡಾಕ್ಟರು ಹೇಳಿದ್ದಾರಂತೆ. ಬೇರೆ ಯಾರ ಗಂಟಲಾದರೂ ನಾನು ಒಂದು ಡಜನ್ ಮೂಸಂಬಿ ಹಿಡಿದು ಧೈರ್ಯವಾಗಿ ಮೆಟ್ಟಿಲು ಹತ್ತುತ್ತಿದ್ದೆ. ಆದರೆ ದನಿಯಿಲ್ಲದ ದಾಮಣ್ಣ ಹೇಗಿರಬಹುದು ಎಂದು ಯೋಚಿಸಿದರೇ ಕಾಲು ಮುಂದಕ್ಕೆ ಬರುತ್ತಿರಲಿಲ್ಲ.

ಆಗ ಪಕ್ಕದ ಮೇಜಿಗೆ ಯಾರೋ ಕಷಾಯ ತರಿಸಿಕೊಂಡರು. ಕೊತ್ತಂಬರಿ, ಜೀರಿಗೆ, ಕಾಳುಮೆಣಸು ಹುರಿದು ಪುಡಿ ಮಾಡಿ, ಬೆಲ್ಲ ಹಾಲು ಹಾಕಿ ಕುದಿಸುವ ನಮ್ಮ ಊರಿನ ಕಷಾಯ. ಆ ಪರಿಮಳ ಮೂಗಿಗೆ ಬಂದರೆ ನಿಮಗೆ ನೆಗಡಿಯೋ ಜ್ವರವೋ ನೆನಪಾಗಬಹುದು. ನನಗೆ ಕ್ರಿಕೆಟ್ ನೆನಪಾಗುತ್ತದೆ. ಇದನ್ನು ಕೇಳಿ ನೀವು ನಗುವ ಮೊದಲು ಸ್ವಲ್ಪ ವಿವರ ಕೊಡಬೇಕು.

ದಾಮಣ್ಣ ತಮ್ಮ ಭಾವನ ಉಡುಪಿ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದವರು. ಹುಡುಗನಾಗಿ ಮುಂಬಯಿಗೆ ಬಂದಾಗ ಸಪ್ಲೈಯರ್ ಆಗಿದ್ದರಂತೆ. "ಎರಡು ಸಾದಾ, ಒಂದು ಮೈಸೂರು, ಸಾಂಬಾರ್ ಸೆಪರೇಟ್!" ಎಂದು ಅಡುಗೆಮನೆಗೆ ಕೂಗಿ ಕೂಗಿ ಅವರ ಗಂಟಲು ಹದವಾಗಿತ್ತು. ಮುಂದೆ ಗಲ್ಲಾದ ಕುರ್ಚಿ ಸಿಕ್ಕಿತು, ಆದರೆ ಕೂಗುವ ಅವಕಾಶ ಹೋಯಿತು. ಗಿರಾಕಿಗಳು ತಿನ್ನಲಿಕ್ಕೆ ಬರುತ್ತಾರೆ, ನಿನ್ನ ಭಾಷಣ ಕೇಳಲಿಕ್ಕಲ್ಲ ಎಂದು ಭಾವ ತಾಕೀತು ಮಾಡಿದ್ದರು. ಹಾಗಾಗಿ ಸೋಮವಾರದಿಂದ ಶನಿವಾರದವರೆಗೆ ದಾಮಣ್ಣ ಬಾಯಿ ಬಿಗಿಹಿಡಿದು ಕೂರುತ್ತಿದ್ದರು. ಭಾನುವಾರ ಬೆಳಿಗ್ಗೆ ರೇಡಿಯೋದಲ್ಲಿ ಒಂದು ಗಂಟೆ ಅದಷ್ಟೂ ಹೊರಗೆ ಬರುತ್ತಿತ್ತು.

ರೇಡಿಯೋ ಎಂದರೆ ದೊಡ್ಡದೇನೂ ಅಲ್ಲ. ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ, ಪ್ಲಾಸ್ಟಿಕ್ ಬಕೆಟ್ ಮಾಡುವ ಒಂದು ಗಾಲೆಯ, ಅಂದರೆ ಸಣ್ಣ ಕಾರ್ಖಾನೆಯ, ಮೇಲಿನ ಮಾಳಿಗೆಯಲ್ಲಿತ್ತು ಆ ಪುಟ್ಟ ಸ್ಟೇಷನ್. ಗಂಟೆಯ ಲೆಕ್ಕದಲ್ಲಿ ಒಂದೊಂದು ಭಾಷೆಗೆ ಜಾಗ ಕೊಡುತ್ತಿದ್ದರು. ನಮಗಿಂತ ಮುಂಚೆ ಗುಜರಾತಿ ಭಜನೆ, ನಮ್ಮ ನಂತರ ಮಲಯಾಳಿ ಹಾಡು. ನಡುವೆ ಕನ್ನಡದ ಕ್ರೀಡಾ ಹರಟೆ, ಹೆಸರು "ಭಾನುವಾರದ ಬೌಂಡರಿ". ಗಾಜಿನ ಆಚೆ ಮೈಕಿನ ಮುಂದೆ ದಾಮಣ್ಣ, ಪಕ್ಕದಲ್ಲಿ ಕಷಾಯದ ಫ್ಲಾಸ್ಕು. ಗಾಜಿನ ಈಚೆ ಫೋನಿನ ಮುಂದೆ ನಾನು. ಯಾರಾದರೂ ಕರೆ ಮಾಡಿದರೆ ಅವರ ಹೆಸರು, ಇರುವ ಜಾಗ ಕೇಳಿ, ಸ್ಲೇಟಿನಲ್ಲಿ ಬರೆದು ದಾಮಣ್ಣನಿಗೆ ತೋರಿಸಬೇಕು. ಅವರು ತೋರುಬೆರಳನ್ನು ಗಾಳಿಯಲ್ಲಿ ಗಿರ್ರೆಂದು ತಿರುಗಿಸಿದರೆ ಲೈನು ಕೊಡು ಎಂದರ್ಥ. ಆಗ ನಾನು ಫೋನಿನಲ್ಲಿ, "ಮಾತಾಡಿ, ನೀವು ಲೈನಿನಲ್ಲಿದ್ದೀರಿ" ಎನ್ನಬೇಕು. ನನ್ನ ರೇಡಿಯೋ ಜೀವನದ ಒಟ್ಟು ಸಂಭಾಷಣೆ ಅಷ್ಟೇ.

ನನಗೆ ಆ ಕೆಲಸ ಸಿಕ್ಕಿದ್ದು ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಓದಿದ್ದೆನೆಂಬ ಒಂದೇ ಕಾರಣಕ್ಕೆ. ಕ್ರಿಕೆಟ್ಟಿನ ಗಂಧಗಾಳಿ ಇರಲಿಲ್ಲ. ಮೊದಲ ತಿಂಗಳು ಒಬ್ಬರು ಫೋನ್ ಮಾಡಿ, "ಸಿಲ್ಲಿ ಪಾಯಿಂಟ್ ಬಗ್ಗೆ ಹೇಳ್ಬೇಕಿತ್ತು" ಎಂದರು. ನಮ್ಮ ಕಾರ್ಯಕ್ರಮದ ಮಾತನ್ನು ಸಿಲ್ಲಿ ಎಂದು ಬೈಯುತ್ತಿದ್ದಾರೆ ಎಂದುಕೊಂಡು, "ಸ್ವಲ್ಪ ಮರ್ಯಾದೆಯಿಂದ ಮಾತಾಡಿ" ಎಂದು ಗದರಿಸಿ ಫೋನ್ ಇಟ್ಟುಬಿಟ್ಟೆ. ಅದು ಮೈದಾನದಲ್ಲಿ ನಿಲ್ಲುವ ಒಂದು ಜಾಗದ ಹೆಸರು ಎಂದು ತಿಳಿದ ಮೇಲೆ ದಾಮಣ್ಣ ಆ ಕಥೆಯನ್ನು ರೇಡಿಯೋದಲ್ಲೇ ಹೇಳಿ ನನ್ನ ಮಾನ ಕಳೆದರು. ನಾನು ಆ ಆಟವನ್ನು ಕಲಿಯದೇ ಹಟ ಸಾಧಿಸಿದೆ.

ದಾಮಣ್ಣ ಮೈಕಿಗೆ ಬಂದದ್ದೂ ಹೀಗೇ ಆಕಸ್ಮಿಕವಾಗಿ. ಮೊದಲು ಆ ಕಾರ್ಯಕ್ರಮ ನಡೆಸುತ್ತಿದ್ದವರು ಕಾಲೇಜಿನ ಒಬ್ಬ ಮೇಷ್ಟ್ರು. ಅದಕ್ಕೆ ಭಾವನ ಹೋಟೆಲಿನ ಜಾಹೀರಾತು ಇತ್ತು. ಒಂದು ಭಾನುವಾರ ಹಳಿ ರಿಪೇರಿಯ ಮೆಗಾ ಬ್ಲಾಕಿನಿಂದ ಲೋಕಲ್ ರೈಲು ನಿಂತು ಮೇಷ್ಟ್ರು ಎಲ್ಲೋ ದಾರಿಯಲ್ಲಿ ಸಿಕ್ಕಿಕೊಂಡರು. ಸ್ಟುಡಿಯೋದವರಿಗೆ ಇಡ್ಲಿ ಪಾರ್ಸೆಲ್ ತಂದಿದ್ದ ದಾಮಣ್ಣನನ್ನೇ ಮೈಕಿನ ಮುಂದೆ ಕೂರಿಸಿದರು. ಅವರು ಅಂದು ಬ್ಯಾಟಿಂಗಿಗೆ ಇಳಿಯಲಿದ್ದ ಒಬ್ಬ ಹೊಸ ಹುಡುಗನ ಬಗ್ಗೆ, "ಅವನಿಗೆ ಬ್ಯಾಟು ಹಿಡೀಲಿಕ್ಕೇ ಗೊತ್ತಿಲ್ಲ. ಇವತ್ತು ಹತ್ತು ರನ್ ಹೊಡೆದ್ರೆ ನಾನು ಗಲ್ಲಾ ಬಿಟ್ಟು ಪಾತ್ರೆ ತೊಳೀತೇನೆ" ಎಂದು ಘೋಷಿಸಿದರು. ಹುಡುಗ ಸಂಜೆಯೊಳಗೆ ಸೆಂಚುರಿ ಹೊಡೆದ.

ಮುಂದಿನ ವಾರ ಫೋನು ಒಂದೇ ಸಮನೆ ಬಡಿದುಕೊಂಡಿತು. ಎಲ್ಲರದೂ ಒಂದೇ ಪ್ರಶ್ನೆ, ಪಾತ್ರೆ ಯಾವಾಗ? ದಾಮಣ್ಣ ಕೊಟ್ಟ ಮಾತಿಗೆ ತಪ್ಪಲಿಲ್ಲ, ಒಂದಿಡೀ ದಿನ ತೊಳೆದರು. ನೋಡಲು ಜನ ಬಂದರು, ಬಂದವರು ದೋಸೆ ತಿಂದರು, ಭಾವನಿಗೆ ಖುಷಿಯಾಯಿತು. ಸರಿಯಾಗಿ ಮಾತಾಡುತ್ತಿದ್ದ ಮೇಷ್ಟ್ರ ಕಾಲದಲ್ಲಿ ಮೂರು ಮತ್ತೊಂದು ಫೋನ್ ಬರುತ್ತಿತ್ತು. ತಪ್ಪು ಮಾತಾಡುವವರು ಸಿಕ್ಕಿದ ಮೇಲೆ ಇಡೀ ಮುಂಬಯಿಯ ಕನ್ನಡಿಗರಿಗೆ ಹೇಳಲು ಏನಾದರೊಂದು ಇತ್ತು. ಮೇಷ್ಟ್ರು ಪಾಪ, ಸಂತೋಷದಿಂದಲೇ ಕುರ್ಚಿ ಬಿಟ್ಟುಕೊಟ್ಟರು.

ಅಲ್ಲಿಂದ ಮುಂದೆ ದಾಮಣ್ಣ ಯಾರನ್ನೂ ಬಿಡಲಿಲ್ಲ. ಹೋಟೆಲುಗಳ ನಡುವೆ ನಡೆಯುವ ಕ್ರಿಕೆಟ್ ಟೂರ್ನಮೆಂಟಿನಲ್ಲಿ ಮಧ್ಯಾಹ್ನದ ಊಟ ಯಾವ ಹೋಟೆಲಿನದೆಂದು ನೋಡಿಯೇ ಅಂಪೈರ್ ಕೈ ಎತ್ತುತ್ತಾನೆ ಎಂದರು. ಮಾಲಕರೆಲ್ಲ ಸಿಟ್ಟಾದರು, ಸ್ವಂತ ಭಾವನೂ ಸೇರಿ. ಕಬಡ್ಡಿಯನ್ನು ಹೊಗಳುವ ಭರದಲ್ಲಿ, "ಊಟಕ್ಕೆ ಬಿಡುವು, ಚಹಾಕ್ಕೆ ಬಿಡುವು ಕೊಡುವ ಆಟ ಒಂದು ಆಟವಾ? ಅದು ಮದುವೆ!" ಎಂದು ಕ್ರಿಕೆಟ್ ಅಭಿಮಾನಿಗಳ ಹೊಟ್ಟೆ ಉರಿಸಿದರು. ಸ್ಟೇಷನ್ನಿನ ಮ್ಯಾನೇಜರ್ ಸಾಹೇಬರಿಗೆ ಮಾತ್ರ ಇದ್ಯಾವುದೂ ತಟ್ಟುತ್ತಿರಲಿಲ್ಲ. ಅವರಿಗೆ ಕನ್ನಡ ಬಾರದು. ಕಾರ್ಯಕ್ರಮದ ಉದ್ದಕ್ಕೂ "ಆಟ, ಆಟ" ಎಂದು ಕೇಳಿಸಿ, ಇದು ಹಿಂದಿಯ ಆಟಾ, ಅಂದರೆ ಹಿಟ್ಟಿನ ವಿಷಯವೆಂದು ಅವರು ಬಹಳ ದಿನ ನಂಬಿದ್ದರು. ಎಲ್ಲಿಂದಲೋ ಒಂದು ಗೋಧಿ ಹಿಟ್ಟಿನ ಜಾಹೀರಾತನ್ನೂ ಹಿಡಿದು ತಂದರು. ಅದು ಕೊನೆಯ ತನಕ ನಮ್ಮ ಜೊತೆಗೇ ಇತ್ತು.

ಫೋನ್ ಮಾಡುವವರಲ್ಲಿ ಒಬ್ಬರ ಬಗ್ಗೆ ಹೇಳದಿದ್ದರೆ ಈ ಕಥೆ ಪೂರ್ತಿಯಾಗುವುದಿಲ್ಲ. ಧಾರಾವಿಯ ಬಸಣ್ಣ. ಬಾಗಲಕೋಟೆಯ ಕಡೆಯವರು, ಚರ್ಮದ ಬ್ಯಾಗು ಹೊಲಿಯುವ ಕಾರ್ಖಾನೆಯಲ್ಲಿ ಕೆಲಸ. ಸುತ್ತ ದಿನವಿಡೀ ಮಶಿನ್ನುಗಳ ಸದ್ದು ಕೇಳಿ ಅವರ ಕಿವಿ ಮಂದವಾಗಿತ್ತು. ತಮಗೆ ಸರಿಯಾಗಿ ಕೇಳುವುದಿಲ್ಲವಾದ್ದರಿಂದ ಬೇರೆಯವರಿಗೂ ಕೇಳಲಾರದು ಎಂದುಕೊಂಡು ಅವರು ಕಿರುಚಿಯೇ ಮಾತಾಡುತ್ತಿದ್ದರು. ನಾನು ರಿಸೀವರನ್ನು ಒಂದು ಗೇಣು ದೂರ ಹಿಡಿಯುತ್ತಿದ್ದೆ.

"ನಮಸ್ಕಾರ್ರೀ ದಾಮಣ್ಣಾರ! ಹ್ವಾದ ವಾರ ನೀವ್ ಹೇಳಿದ್ದು ಪೂರಾ ಸುಳ್ಳಾತ್ರಿ!" ಇದು ಪ್ರತಿ ಭಾನುವಾರದ ಮಂಗಳಾಚರಣೆ.

"ಸುಳ್ಳಾದದ್ದಲ್ಲ ಬಸಣ್ಣ, ಸತ್ಯ ಆಗ್ಲಿಕ್ಕೆ ಸ್ವಲ್ಪ ಟೈಮ್ ಉಂಟು" ಎಂದು ದಾಮಣ್ಣ.

"ಎಷ್ಟ್ ಟೈಮ್ರಿ? ಆ ಹುಡುಗ ರಿಟೈರ್ ಆಗೂತನಕಾ?"

ಹೀಗೆ ವರ್ಷಗಟ್ಟಲೆ ನಡೆಯಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಬಸಣ್ಣನ ಫೋನ್ ಬರುವುದು ಸ್ವಲ್ಪ ತಡವಾದರೆ ದಾಮಣ್ಣ ಗಾಜಿನ ಆಚೆಯಿಂದ ನನ್ನತ್ತ ಹುಬ್ಬು ಹಾರಿಸುತ್ತಿದ್ದರು. ಬಂದಿಲ್ಲವಾ ಎಂದು ಕೇಳುವ ಬಗೆ ಅದು. ಬಂದರೆ, ಅಬ್ಬಾ ಬಂದ ತಲೆನೋವು ಎನ್ನುವ ಮುಖ ಮಾಡಿ ಬೆರಳು ತಿರುಗಿಸುತ್ತಿದ್ದರು.

ಈಗ ಅಜ್ಜ ಎಂಬ ಒಂದು ಮಾತಿನಿಂದಾದ ಗಲಾಟೆಯ ವಿಷಯಕ್ಕೆ ಬರುತ್ತೇನೆ. ಆಗ ಒಬ್ಬ ಹಿರಿಯ ಬ್ಯಾಟ್ಸ್‌ಮನ್ ಇದ್ದರು. ಹೆಸರು ಬೇಡ, ಇನ್ನೊಂದು ಜಗಳ ನನಗೆ ಬೇಕಿಲ್ಲ. ರನ್ನು ಬರುತ್ತಿರಲಿಲ್ಲ, ತಂಡವನ್ನೂ ಬಿಡುತ್ತಿರಲಿಲ್ಲ. ದಾಮಣ್ಣ ಒಂದು ಭಾನುವಾರ ಕಷಾಯ ಕುಡಿದು ಗಂಟಲು ಸರಿಮಾಡಿಕೊಂಡು ಶುರು ಮಾಡಿದರು. "ಅಜ್ಜನಿಗೆ ಈಗ ಕಣ್ಣು ಕಾಣೂದಿಲ್ಲ, ಮೊಣಕಾಲು ಬಗ್ಗೂದಿಲ್ಲ. ಆದ್ರೆ ಪೀಠ ಬಿಡ್ಲಿಕ್ಕೆ ಮನಸ್ಸುಂಟಾ? ಇಲ್ಲ! ಎಲ್ಲರೂ ಸೇರಿ ಅಜ್ಜನನ್ನು ಎತ್ತಿ ಕೆಳಗೆ ಇಳಿಸ್ಬೇಕು ಮಾರಾಯ್ರೆ."

ನಮ್ಮ ಕರಾವಳಿಯ ಕಿವಿಗೆ ಇದರಲ್ಲಿ ವಿಶೇಷವೇನೂ ಇಲ್ಲ. ಅಜ್ಜ ಎಂದರೆ ಅಜ್ಜ, ಹಲ್ಲು ಬಿದ್ದ ಮುದುಕ. ಆದರೆ ಉತ್ತರ ಕರ್ನಾಟಕದವರಿಗೆ ಅಜ್ಜ ಎಂದರೆ ಮಠದ ಸ್ವಾಮಿಗಳೂ ಹೌದು. ನಮಗೆ ಅದು ಗೊತ್ತಿರಲಿಲ್ಲ. ಅದೇ ವಾರ ಅವರ ಕಡೆಯ ವಯಸ್ಸಾದ ಒಬ್ಬ ಸ್ವಾಮಿಗಳು ಕಾಂದಿವಲಿಯ ಭಕ್ತರೊಬ್ಬರ ಮನೆಯಲ್ಲಿ ಇಳಿದುಕೊಂಡಿದ್ದರು. ಕಣ್ಣಿನ ಆಪರೇಷನ್ ಆಗಿತ್ತು. ಮೊಣಕಾಲು ನಿಜವಾಗಿಯೂ ಬಗ್ಗುತ್ತಿರಲಿಲ್ಲ. ನಡುವೆ ರೇಡಿಯೋ ಹಾಕಿದವರ ಕಿವಿಗೆ ಬಿದ್ದದ್ದು ಇಷ್ಟೇ: ಅಜ್ಜ, ಕಣ್ಣು, ಮೊಣಕಾಲು, ಪೀಠ, ಎತ್ತಿ ಇಳಿಸಬೇಕು.

ಮೊದಲ ಫೋನ್ ಬಂತು. "ನಮ್ಮ ಅಜ್ಜಾರ ಬಗ್ಗೆ ಹಂಗ ಮಾತಾಡಾವ ಯಾವಾಂವರಿ ಅಂವ?"

ಬ್ಯಾಟ್ಸ್‌ಮನ್ನಿನ ಅಭಿಮಾನಿ ಇರಬೇಕೆಂದು ನಾನು ಸಮಾಧಾನ ಹೇಳಲು ಹೋದೆ. "ಬೇಜಾರು ಮಾಡ್ಕೋಬೇಡಿ. ವಯಸ್ಸಾದ ಮೇಲೆ ಹುಡುಗರಿಗೆ ಜಾಗ ಬಿಡಬೇಕಲ್ವಾ? ಮನೆಯಲ್ಲಿ ಆರಾಮಾಗಿ ಹೆಂಡತಿ ಮಕ್ಕಳ ಜೊತೆ ಇರಲಿ."

ಸನ್ಯಾಸಿಗೆ ಹೆಂಡತಿ ಮಕ್ಕಳನ್ನು ಕೊಟ್ಟುಬಿಟ್ಟಿದ್ದೇನೆಂದು ನನಗೆ ಹೇಗೆ ಗೊತ್ತಾಗಬೇಕು! ಆಮೇಲೆ ಕೇಳಿದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ.

ಮಧ್ಯಾಹ್ನದೊಳಗೆ ಗಾಲೆಯ ಗೇಟಿನ ಮುಂದೆ ಜನ ಸೇರಿದರು. ಮ್ಯಾನೇಜರ್ ಸಾಹೇಬರು ಓಡಿ ಬಂದು, "ಯೇ ಅಜ್ಜಾ ಕೌನ್ ಹೈ? ಉಸ್ಕೋ ಸಾರಿ ಬೋಲೋ, ಖತಂ ಕರೋ!" ಎಂದರು. ಮುಂದಿನ ಭಾನುವಾರ ಮೈಕಿನಲ್ಲಿ ಮಾಫಿ ಕೇಳಬೇಕು, ಇಲ್ಲದಿದ್ದರೆ "ಬೌಂಡರಿ" ಬಂದ್ ಎಂಬುದು ಅವರ ತೀರ್ಮಾನ. ಅಷ್ಟು ಹೊತ್ತಿಗೆ ಗೇಟಿನಲ್ಲಿದ್ದವರ ಕೂಗಿನಿಂದ ನಮಗೂ ಎಡವಟ್ಟು ಏನೆಂದು ಅರ್ಥವಾಗಿತ್ತು. ಆದರೂ ದಾಮಣ್ಣ ಒಪ್ಪಲಿಲ್ಲ.

"ತಪ್ಪು ಹೇಳಿ ಹೇಳಿಯೇ ಹೆಸರು ಮಾಡಿದವ ನಾನು. ಜೀವಮಾನದಲ್ಲಿ ಒಂದು ಸಲ ಸರಿ ಹೇಳಿದ್ದೇನೆ. ಅದಕ್ಕೇ ಮಾಫಿ ಕೇಳ್ಬೇಕಾ ನಾನು?"

ಮಾತು ಜೋರಾಗಿಯೇ ಇತ್ತು. ಆದರೆ ಆ ವಾರ ನಾನು ಹೋಟೆಲಿಗೆ ಹೋದಾಗ ಗಲ್ಲಾದ ಮೇಲಿದ್ದವರನ್ನು ನೋಡಿ ಸಂಕಟವಾಯಿತು. ಕಣ್ಣು ಬೀದಿಯ ಮೇಲಿತ್ತು, ಬೀದಿಯನ್ನು ನೋಡುತ್ತಿರಲಿಲ್ಲ. ನನ್ನನ್ನು ಹತ್ತಿರ ಕರೆದು ಮೆಲ್ಲಗೆ ಹೇಳಿದರು. "ಆ ಒಂದು ಗಂಟೆ ಹೋದ್ರೆ ನಾನು ಬರೀ ಗಲ್ಲಾದವ ಮಾರಾಯ್ತಿ. ಊರಲ್ಲಿ ಯಾರಿಗೂ ನಾನು ಬೇಡ. ಬೈಲಿಕ್ಕೆ ಸಹ ಬೇಡ."

ಭಾನುವಾರ ಬಂತು. ಮೆಟ್ಟಿಲ ಮೇಲೆ ಐದಾರು ಜನ ಕೈಕಟ್ಟಿ ನಿಂತಿದ್ದರು. ಮ್ಯಾನೇಜರ್ ಸಾಹೇಬರು ನನ್ನ ಹಿಂದೆಯೇ ನಿಂತಿದ್ದರು, ದಾಮಣ್ಣ ಮೊಂಡು ಹಿಡಿದರೆ ಸ್ವಿಚ್ ಆರಿಸಲು. ದಾಮಣ್ಣ ನಮಸ್ಕಾರ ಹೇಳಿದರು. ಅಷ್ಟರಲ್ಲಿ ಫೋನ್ ಬಂತು. ಬಸಣ್ಣ. ಇವರೂ ಬೈಯುವುದಕ್ಕೇ ಮಾಡಿದ್ದಾರೆ ಎಂದುಕೊಂಡು ನಾನು ಸ್ಲೇಟು ಎತ್ತಿದೆ. ದಾಮಣ್ಣ ಸುಮಾರು ಹೊತ್ತು ನೋಡಿ ಬೆರಳು ತಿರುಗಿಸಿದರು.

"ದಾಮಣ್ಣಾರ, ಇವತ್ತ ನೀವು ಸುಮ್ಕಿರ್ರಿ, ನಾ ಮಾತಾಡ್ತೀನಿ" ಎಂದರು ಬಸಣ್ಣ. "ನಾ ಕೆಲಸಾ ಬಿಟ್ಟು ಕಾಂದಿವಲಿಗೆ ಹೋಗಿ ಅಜ್ಜಾರ ಕಾಲಿಗೆ ಬಿದ್ದು ಬಂದೇನ್ರಿ. ಎಲ್ಲಾ ಬಿಡಿಸಿ ಹೇಳಿದೆ. ಅಜ್ಜಾರ, ಆ ಉಡಪಿ ಮಂದಿ ಮುದುಕರಿಗೆ ಅಜ್ಜ ಅಂತಾರ, ಅವರಿಗೆ ಅಷ್ಟ ತಿಳೀತೈತಿ ಅಂದೆ. ಅಜ್ಜಾರು ಹೊಟ್ಟಿ ಹಿಡ್ಕೊಂಡು ನಕ್ಕರು. ಆಟಗಾರ ಯಾರೋ ಗೊತ್ತಿಲ್ಲ, ಮೊಣಕಾಲಿನ ಮಾತು ಮಾತ್ರ ನನಗ ಬರೋಬ್ಬರಿ ಹತ್ತತೈತಿ ಅಂದ್ರು. ಅವರು ಕುಸ್ತಿ ಬಗ್ಗೆ ಯಾಕ ಮಾತಾಡಂಗಿಲ್ಲ, ಅದನ್ನ ಕೇಳು ಅಂದಾರ. ಗಲಾಟಿ ಮಾಡಾವ್ರು ಕೇಳ್ಕೊಳ್ರಿ, ಅಜ್ಜಾರಿಗೇ ಸಿಟ್ಟಿಲ್ಲ, ನಿಮಗ್ಯಾಕ?"

ದಾಮಣ್ಣ ಕಷಾಯದ ಲೋಟವನ್ನು ಎತ್ತಿ, ಕುಡಿಯದೆ ಕೆಳಗಿಟ್ಟರು. "ಬಸಣ್ಣ, ನನಗಾಗಿ ಇಷ್ಟೆಲ್ಲ ಎಂತಕ್ಕೆ ಮಾಡಿದ್ರಿ?"

"ನಿಮಗಾಗಿ ಯಾಕ ಮಾಡ್ಲಿ? ನಿಮ್ಮನ್ನ ಅಲ್ಲಿಂದ ತಗದ್ರ ಐತವಾರ ನಾ ಯಾರ ಜೋಡಿ ಜಗಳಾ ಆಡ್ಲಿ?"

ರೇಡಿಯೋದಲ್ಲಿ ಮೌನ ಎಂದರೆ ಕೇಳುವವರು ಬೇರೆ ಸ್ಟೇಷನ್ನಿಗೆ ಹೋಗುತ್ತಾರೆ. ನಾನು ಗಾಜಿನ ಈಚೆ ಕೈಬಾಯಿ ಆಡಿಸಿ ಮಾತಾಡಿ, ಮಾತಾಡಿ ಎಂದು ಸನ್ನೆ ಮಾಡಿದೆ. ದಾಮಣ್ಣ ನೋಡಲಿಲ್ಲ. ಆಮೇಲೆ ನಿಧಾನವಾಗಿ, ನಿಮ್ಮ ಅಜ್ಜಾರು ಬೇರೆ, ನಮ್ಮ ಅಜ್ಜ ಬೇರೆ ಎಂದು ತಿಳಿಯದೆ ನಿಮ್ಮ ಮನಸ್ಸು ನೋಯಿಸಿದೆ ಎಂದರು. ಅದು ಮಾಫಿಯೋ ಅಲ್ಲವೋ ಎಂದು ಮ್ಯಾನೇಜರ್ ಸಾಹೇಬರು ನನ್ನನ್ನು ಕೇಳಿದರು. ಹೌದು ಎಂದೆ. ಮುಂದಿನ ಒಂದು ತಿಂಗಳು ಸ್ವಾಮಿಗಳ ಮಾತಿಗೆ ಕಟ್ಟುಬಿದ್ದು ದಾಮಣ್ಣ ಕುಸ್ತಿಯ ಬಗ್ಗೆಯೇ ಮಾತಾಡಿದರು. ಕುಸ್ತಿಯ ಅ ಆ ಇ ಈ ಗೊತ್ತಿಲ್ಲದ್ದರಿಂದ ಎಂದಿಗಿಂತ ಹೆಚ್ಚು ಫೋನ್ ಬಂತು.

ಕಾರ್ಯಕ್ರಮ ಕೊನೆಗೂ ನಿಂತಿತು, ಯಾವ ಗಲಾಟೆಯೂ ಇಲ್ಲದೆ. ಸ್ಟೇಷನ್ನಿನವರು ನಮ್ಮ ಗಂಟೆಯನ್ನು ಸಿನಿಮಾ ಹಾಡಿಗೆ ಕೊಟ್ಟರು. ಕೊನೆಯ ಭಾನುವಾರ ಬಸಣ್ಣ ಫೋನ್ ಮಾಡಿ, "ದಾಮಣ್ಣಾರ, ನೀವು ನಮಗ ಅಜ್ಜಾರಿದ್ದಂಗ" ಎಂದರು. "ಎಂತದು! ನನ್ನನ್ನು ಮುದುಕ ಅಂದ್ರಾ?" ಎಂದು ದಾಮಣ್ಣ ರೇಗಿದರು. ಅರ್ಥವಾಗಿತ್ತು ಅವರಿಗೆ. ದನಿ ಅರ್ಧದಲ್ಲೇ ಒಡೆಯಿತು. ಕಷಾಯಕ್ಕೆ ಮೆಣಸು ಜಾಸ್ತಿಯಾಗಿದೆ ಎಂದು ಮೈಕಿನಲ್ಲೇ ಹೆಂಡತಿಯ ಮೇಲೆ ತಪ್ಪು ಹಾಕಿದರು.

ಈಗ ನನ್ನ ಚಹಾ ತಣ್ಣಗಾಗಿತ್ತು. ಇನ್ನೂ ಕೂತರೆ ಹೋಟೆಲಿನವರೇ ಎಬ್ಬಿಸುತ್ತಾರೆ. ಒಂದು ಕಷಾಯ ಪಾರ್ಸೆಲ್ ಕಟ್ಟಿಸಿಕೊಂಡು ಹೊರಟೆ.

ಮೂರನೇ ಮಾಳಿಗೆಯ ಮೆಟ್ಟಿಲಲ್ಲಿ ಇರುವಾಗಲೇ ಒಳಗಿನಿಂದ ಕಿರುಚಾಟ ಕೇಳಿಸಿತು. ಮರುಕ್ಷಣವೇ ಗುರುತು ಸಿಕ್ಕಿತು. ರಿಸೀವರ್ ದೂರ ಹಿಡಿದು ಕೇಳಿದ ದನಿ ಅದು. ದಾಮಣ್ಣನ ಮೊಮ್ಮಗಳು ತನ್ವಿ ಬಾಗಿಲು ತೆಗೆದಳು. ಕಾಲೇಜಿಗೆ ಹೋಗುವ ಹುಡುಗಿ, ಕನ್ನಡ ಅವಳಿಗೆ ಸ್ವಲ್ಪ ಕಷ್ಟ. "ಆಂಟಿ, ಅಜ್ಜ ಅಂದರ್ ಇದ್ದಾರೆ. ವೋ ಧಾರಾವಿ ವಾಲೇ ಅಂಕಲ್ ಬಂದಿದ್ದಾರೆ. ಅಜ್ಜನಿಗೆ ಜೋರ್ ಸೇ ಮಾತಾಡ್ಲಿಕ್ಕೆ ಡಾಕ್ಟರ್ ಮನಾ ಮಾಡಿದ್ದಾರೆ, ಆದ್ರೆ ಅಂಕಲ್‌ಗೆ ಕುಛ್ ಕೇಳೋದೇ ಇಲ್ಲ."

ಒಳಗೆ ಕಿಟಕಿಯ ಹತ್ತಿರ ಬೆತ್ತದ ಕುರ್ಚಿಯಲ್ಲಿ ದಾಮಣ್ಣ. ಕುತ್ತಿಗೆಗೆ ಬಿಳಿ ಪಟ್ಟಿ, ಮುಖ ಬಾಡಿ ಸಣ್ಣದಾಗಿತ್ತು. ಎದುರಿನ ಸೋಫಾದ ತುದಿಯಲ್ಲಿ, ನಾನು ಮನಸ್ಸಿನಲ್ಲಿ ಕಟ್ಟಿಕೊಂಡಿದ್ದ ಪೈಲ್ವಾನನ ಬದಲು ಒಬ್ಬ ಕುಳ್ಳಗಿನ, ತೆಳ್ಳಗಿನ ಮನುಷ್ಯ. ಸುದ್ದಿ ಕೇಳಿ ವಿಳಾಸ ಹುಡುಕಿಕೊಂಡು ಬಂದಿದ್ದರು.

"ಈ ಹೊಸ ಬೌಲರ್ ಹತ್ತು ವರ್ಷ ಆಡ್ತಾನ, ಬರಕೊಳ್ರಿ!" ಎನ್ನುತ್ತಿದ್ದರು ಬಸಣ್ಣ.

ದಾಮಣ್ಣನ ತುಟಿ ಆಡಿತು. ಗಾಳಿ ಬಂತು, ದನಿ ಬರಲಿಲ್ಲ.

"ಏನಂದ್ರಿ?" ಬಸಣ್ಣ ಕಿವಿಗೆ ಕೈ ಅಡ್ಡ ಹಿಡಿದು ಮುಂದಕ್ಕೆ ಬಾಗಿದರು. ದಾಮಣ್ಣ ಮತ್ತೆ ಪ್ರಯತ್ನಿಸಿದರು. ಕುತ್ತಿಗೆಯ ನರ ಉಬ್ಬಿತು. "ಏನಂದ್ರಿ? ಕೇಳವಲ್ದು." ದಾಮಣ್ಣ ಬಾಯಿ ಮುಚ್ಚಿ ಕಿಟಕಿಯ ಕಡೆ ಮುಖ ತಿರುಗಿಸಿದರು. ಬಸಣ್ಣನ ಮುಖವೂ ಇಳಿದುಹೋಯಿತು. ಎದುರಿನ ಸೋಫಾದಲ್ಲಿ ಕೂತು ಆ ಮನುಷ್ಯ ತನ್ನ ಕಿವಿಯನ್ನೇ ಎಳೆದುಕೊಳ್ಳುತ್ತಿದ್ದರು, ತಪ್ಪೆಲ್ಲ ಅದರದೇ ಎಂಬ ಹಾಗೆ. ನನಗೆ ಅಳು ಬಂತು. ಇದಕ್ಕೇ ನಾನು ಹೆದರಿ ಕೆಳಗೆ ಕೂತಿದ್ದು.

ಆಗ ನನ್ನ ಕೈಯಲ್ಲಿದ್ದ ಕಷಾಯದ ಪರಿಮಳ ಮೂಗಿಗೆ ಬಡಿದಿರಬೇಕು, ದಾಮಣ್ಣ ತಿರುಗಿ ನನ್ನನ್ನು ನೋಡಿದರು. ಹುಬ್ಬು ಹಾರಿಸಿದರು. ಆಮೇಲೆ ಕುರ್ಚಿಯ ಕೈಯಿಂದ ತೋರುಬೆರಳನ್ನು ಎತ್ತಿ, ಗಾಳಿಯಲ್ಲಿ ಗಿರ್ರೆಂದು ತಿರುಗಿಸಿದರು.

ಅಷ್ಟು ವರ್ಷದ ಅಭ್ಯಾಸ, ಯೋಚಿಸಬೇಕಾಗಲಿಲ್ಲ. ಒಂದು ಸ್ಟೂಲು ಎಳೆದು ಇಬ್ಬರ ನಡುವೆ ಕೂತೆ. ದಾಮಣ್ಣನ ಬಾಯಿಯ ಹತ್ತಿರ ಕಿವಿ ಹಿಡಿದೆ. ಪಿಸುಮಾತು ಬಿಸಿಯಾಗಿ ಬಂತು. ಅದನ್ನು ಬಸಣ್ಣನಿಗೆ ಕೇಳುವಷ್ಟು ಗಟ್ಟಿಯಾಗಿ ನಾನು ಕೂಗಿ ಹೇಳಿದೆ. "ಆ ಬೌಲರ್ ಎರಡು ಮ್ಯಾಚಿನ ಗಿರಾಕಿಯಂತೆ. ಮತ್ತೆ, ಅಜ್ಜ ಇನ್ನೂ ಪೀಠ ಬಿಡೂದಿಲ್ಲವಂತೆ."

ಬಸಣ್ಣ ತೊಡೆ ತಟ್ಟಿಕೊಂಡು ಎದ್ದೇ ನಿಂತರು. ಕಣ್ಣಲ್ಲಿ ನೀರು ಇತ್ತು, ಒರೆಸಿಕೊಳ್ಳುವ ಗೊಡವೆಗೆ ಹೋಗಲಿಲ್ಲ. ಬಾಯಿ ತೆರೆದವರು ಏನೋ ನೆನಪಾದಂತೆ ತಡೆದು, ನನ್ನ ಮುಖ ನೋಡಿದರು.

ನಾನು ದಾಮಣ್ಣನ ಕಡೆ ತಿರುಗಿ, "ಧಾರಾವಿಯಿಂದ ಬಸಣ್ಣ" ಎಂದೆ. ಬೆರಳು ಮತ್ತೆ ತಿರುಗಿತು.

"ಮಾತಾಡಿ ಬಸಣ್ಣ, ನೀವು ಲೈನಿನಲ್ಲಿದ್ದೀರಿ."